ತಟ್ಟೆಗೆ ಬಿದ್ದ ಚೀಟಿ

ಜನವರಿ 30, ಸೋಮವಾರ. ಸಂಜೆ 7.10

ಮೈನಸ್ ಇಪ್ಪತ್ತೊಂದು. ಕಾರು ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಶುಕ್ರವಾರದ ನಡಾವಳಿಯ ಪ್ರೂಫ್ ಮುಗಿಸಿದೆವು. ಸದನದಲ್ಲಿ ಕಾಗದ ಓದುವ ಗುಮಾಸ್ತ ಓರ್ವಿಲ್ ಓದಿದ, ನಾನು ಸ್ಕೇಲು ಹಿಡಿದು ಸಾಲು ನೋಡಿದೆ. ಕಾಮಾ ಬಂದರೆ ‘ಕಾಮಾ’ ಎನ್ನಬೇಕು, ಡ್ಯಾಶ್ ಬಂದರೆ ‘ಡ್ಯಾಶ್’. ಒಮ್ಮೆ ಮುಂದಿನಿಂದ, ಒಮ್ಮೆ ಕೊನೆಯ ಪದದಿಂದ ಹಿಂದಕ್ಕೆ. ಹಿಂದಕ್ಕೆ ಓದಿದರೆ ಅರ್ಥ ಅಡ್ಡ ಬರುವುದಿಲ್ಲ, ಪದವಷ್ಟೇ ಕಾಣುತ್ತದೆ. ಮೂವತ್ತೊಂದು ವರ್ಷದಿಂದ ರಾಜ್ಯದ ಕೆಳಮನೆಯ ನಡಾವಳಿ ಗುಮಾಸ್ತೆಯಾಗಿ ಇದೇ ಕೆಲಸ.

ಮಧ್ಯಾಹ್ನ ನಗುವೋ ನಗು. ಒಬ್ಬ ಸದಸ್ಯ ಮನೆಯ ಚೀಟಿಯನ್ನು ಬೇರೆ ಕಾಗದದ ಜೊತೆ ನಮ್ಮ ಡೆಸ್ಕಿನ ತಗಡಿನ ತಟ್ಟೆಗೆ ಹಾಕಿಬಿಟ್ಟ. ತಟ್ಟೆಗೆ ಬಿದ್ದದ್ದನ್ನು ಸದನದ ಮುಂದೆ ಗಟ್ಟಿಯಾಗಿ ಓದಲೇಬೇಕು, ನಡಾವಳಿಗೆ ಸೇರಿಸಲೇಬೇಕು. ರಾಜ್ಯ ಹುಟ್ಟಿದಾಗಿನ ನಿಯಮ. ಓರ್ವಿಲ್ ಕನ್ನಡಕ ಏರಿಸಿ ಗಂಭೀರವಾಗಿ ಓದಿದ: “ಹಾಲು. ಮೊಟ್ಟೆ. ನಾಯಿಗೆ ಜಂತುಹುಳದ ಮಾತ್ರೆ.” ಆ ಸದಸ್ಯನ ಕಿವಿ ಬೀಟ್‌ರೂಟ್ ಆಯಿತು. ಪುಟ 297. ಇನ್ನು ನೂರು ವರ್ಷ ಆ ನಾಯಿಯ ಜಂತುಹುಳ ಅಲ್ಲೇ ಇರುತ್ತದೆ.

ಎಲ್ಲರಿಗಿಂತ ಜೋರಾಗಿ ನಕ್ಕವನು ರಾಸ್ ಹಾಲ್ಗ್ರೆನ್. ಬಹುಮತ ಪಕ್ಷದ ನಾಯಕ. ನಗಲಿ.

ಫೆಬ್ರವರಿ 8, ಬುಧವಾರ

ತಿದ್ದುಪಡಿ ಚರ್ಚೆ. ನಾಲ್ಕು ಗಂಟೆ. ಬೆರಳು ಸೆಟೆದುಹೋಗಿವೆ.

ಹಾಲ್ಗ್ರೆನ್‌ನ ನಿರ್ಣಯ: ಇನ್ನು ಮೇಲೆ ಜನ ಸಹಿ ಸಂಗ್ರಹಿಸಿ ರಾಜ್ಯದ ಸಂವಿಧಾನ ತಿದ್ದಲು ಹೊರಟರೆ ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದರೆ ಸಾಲದು, ನೂರಕ್ಕೆ ಅರವತ್ತು ಬೇಕು. ಅವನ ಕಡೆ ನಲವತ್ತನಾಲ್ಕು ಜನ, ಆ ಕಡೆ ಇಪ್ಪತ್ತಾರು. ಫಲ ಮೊದಲೇ ಗೊತ್ತು, ಆದರೂ ಗಂಟಲು ಹರಿದುಕೊಂಡರು.

ಹಾಲ್ಗ್ರೆನ್: “ಹೊರಗಿನೋರು ಬರ್ತಾರೆ, ಅಂಗಡಿ ಮುಂದೆ ಮೇಜು ಹಾಕ್ತಾರೆ, ಸಹಿ ಮಾಡಿಸ್ಕೊಂಡು ಹೋಗ್ತಾರೆ. ನಮ್ಮ ಸಂವಿಧಾನ ಏನು ಚರ್ಚಿನ ನೋಟಿಸ್ ಬೋರ್ಡಾ? ಬಂದೋರೆಲ್ಲ ಪಿನ್ ಚುಚ್ಚೋಕೆ?”

ವಿರೋಧ ಪಕ್ಷದ ನಾಯಕಿ ಮಿಸೆಸ್ ಪೈಕ್ ಎದ್ದಳು. ಗಿಡ್ಡ ಹೆಂಗಸು. ಮೈಕ್ ಬಗ್ಗಿಸಿಕೊಂಡಳು. “ಲೀಡರ್ ಸಾಹೇಬ್ರು ಹೋದ್ಸಲ ಗೆದ್ದಿದ್ದು ಐವತ್ತೆರಡರಲ್ಲಿ. ನಿಮ್ಮ ಸೀಟಿಗೂ ಅರವತ್ತು ಇಟ್ಬಿಡೋಣ್ವಾ? ಇಟ್ರೆ ಇವತ್ತು ಮನೇಲಿ ಕೂತು ಟೀವಿ ನೋಡ್ತಿದ್ರಿ. ಅರವತ್ತಕ್ಕೆ ಅರಳು ಮರಳು ಅಂತಾರೆ, ಇದೇ ಇರ್ಬೇಕು.”

ಗ್ಯಾಲರಿಯಲ್ಲಿ ಚಪ್ಪಾಳೆ. ಸ್ಪೀಕರ್ ಸುತ್ತಿಗೆ ಮುರಿಯುವ ಹಾಗೆ ಕುಟ್ಟಿದರು. ಹಾಲ್ಗ್ರೆನ್ ಕತ್ತು ಕೆಂಪಾಯಿತು. ತನ್ನ ಪಕ್ಷದವರೇ ಇಬ್ಬರು ಮಿಸುಕಾಡುವುದು ಕಂಡು, ಸ್ಪಷ್ಟ ಮಾಡುತ್ತೇನೆಂದು ಮುಖ್ಯ ವಾಕ್ಯವನ್ನು ಅಲ್ಲೇ ನಿಂತು ಕೈಯಲ್ಲಿ ಹೊಸದಾಗಿ ಬರೆದು ಡೆಸ್ಕಿಗೆ ಕಳಿಸಿದ. ಓರ್ವಿಲ್ ಓದಿದ. ಮತಕ್ಕೆ ಹಾಕಿದರು. 42–28. ಪಾಸ್.

ಮೇಲ್ಮನೆಗೆ, ಅಂದರೆ ಸೆನೆಟ್‌ಗೆ, ಹೋಗುವ ಪ್ರತಿ ನಮ್ಮ ಡೆಸ್ಕಿನಿಂದ ಹೋಗಬೇಕು. ಅವನಿಗೆ ಅವಸರ. “ನಿಮ್ಮ ಸ್ಕೇಲು ಕನ್ನಡಕ ಕಾಯ್ತಾ ಕೂತ್ರೆ ಯುಗಾಂತರ ಆಗುತ್ತೆ” ಎಂದ. ತನ್ನ ಆಫೀಸಿನಲ್ಲೇ ಟೈಪ್ ಮಾಡಿಸಿ ತಾನೇ ಹೊತ್ತುಕೊಂಡು ಹೋದ.

ಹೋಗಲಿ. ಅರವತ್ತಾದರೂ ನನಗೆ ಒಂದೇ, ಐವತ್ತಾದರೂ ಒಂದೇ.

ಫೆಬ್ರವರಿ 9, ಗುರುವಾರ

ನಿನ್ನೆಯ ನಡಾವಳಿ ಪ್ರೂಫ್. ಅವನ ಕೈಬರಹ ಕೋಳಿ ಕೆದರಿದ ಹಾಗಿದೆ, ಆದರೆ ಓದಬಹುದು. ‘ಚುನಾವಣೆಯಲ್ಲಿ ಬಿದ್ದ ಮತಗಳಲ್ಲಿ ನೂರಕ್ಕೆ ಅರವತ್ತು.’ ಮೊದಲು ‘ಪ್ರಶ್ನೆಯ ಮೇಲೆ ಬಿದ್ದ’ ಎಂದಿತ್ತು, ಅಂದರೆ ಆ ಒಂದು ಪ್ರಶ್ನೆಗೆ ಬಿದ್ದ ಮತವಷ್ಟೇ ಲೆಕ್ಕ. ಬೇಕೆಂದೇ ಬದಲಾಯಿಸಿದ್ದಾನೆ ಅಂದುಕೊಂಡೆ. ಇದ್ದದ್ದು ಇದ್ದಹಾಗೆ ಹಾಕಿದೆ. ಪುಟ 412.

ಫೆಬ್ರವರಿ 10, ಶುಕ್ರವಾರ

ಪುಟ 412 ಎಲ್ಲರ ಮೇಜಿನ ಮೇಲೂ ಇತ್ತು. “ತಿದ್ದುವುದು ಏನಾದರೂ ಇದೆಯೇ?” ಎಂದರು ಸ್ಪೀಕರ್. ಯಾರೂ ಉಸಿರೆತ್ತಲಿಲ್ಲ. ಒಪ್ಪಿಗೆ ಆಯಿತು. ಹಾಲ್ಗ್ರೆನ್ ಅದರ ಮೇಲೆ ಕಾಫಿ ಲೋಟ ಇಟ್ಟಿದ್ದ. ಸಂಜೆ ಕಸ ತೆಗೆಯುವಾಗ ನೋಡಿದೆ, ದುಂಡಗೆ ಕಲೆ.

ಫೆಬ್ರವರಿ 22, ಬುಧವಾರ. ಮಧ್ಯಾಹ್ನ 3.40

ಸೆನೆಟ್‌ನ ನಡಾವಳಿ ಬಂತು. ನಿನ್ನೆ ಅಲ್ಲೂ ಪಾಸ್. ಅಭ್ಯಾಸಬಲ, ಸ್ಕೇಲು ಇಟ್ಟು ನೋಡಿದೆ.

‘ಪ್ರಶ್ನೆಯ ಮೇಲೆ ಬಿದ್ದ ಮತಗಳಲ್ಲಿ.’

ನಮ್ಮದರಲ್ಲಿ ‘ಚುನಾವಣೆಯಲ್ಲಿ ಬಿದ್ದ.’

ಎದ್ದು ಬಾಗಿಲು ಹಾಕಿ ಬಂದು ಮತ್ತೆ ನೋಡಿದೆ. ಹಿಂದಿನಿಂದ ಓದಿದೆ. ಅದೇ.

ಅಂದರೆ ಅವನು ಬದಲಾಯಿಸಿರಲಿಲ್ಲ. ಸಿಟ್ಟಿನಲ್ಲಿ ತಪ್ಪಿ ಬರೆದಿದ್ದ. ಟೈಪ್ ಮಾಡಿಸಿದ್ದು ಹಳೆಯ ಪ್ರತಿಯಿಂದ. ಎರಡೂ ಸದನಗಳ ನಡಾವಳಿಯಲ್ಲಿ ತಿದ್ದುಪಡಿ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಇಲ್ಲದಿದ್ದರೆ ಜನರ ಮುಂದೆ ಮತಕ್ಕೆ ಹೋಗುವಂತಿಲ್ಲ, ಸತ್ತ ಹಾಗೆ. ಅಧಿವೇಶನ ಮುಗಿಯುವುದರೊಳಗೆ ಸದನ ಮತ ಹಾಕಿ ಸರಿಮಾಡಿಕೊಳ್ಳಬಹುದು. ಮುಗಿದ ಮೇಲೆ ದೇವರು ಬಂದರೂ ಆಗದು.

ಮುಗಿಯುವುದು ಮಾರ್ಚ್ ಹತ್ತಕ್ಕೆ. ಕ್ಯಾಲೆಂಡರಿನಲ್ಲಿ ಎಣಿಸಿದೆ. ಹದಿನಾರು ದಿನ.

ಫೆಬ್ರವರಿ 23, ಗುರುವಾರ

ಹೇಳುವುದು ನನ್ನ ಕೆಲಸವೇ? ನಿಯಮದ ಪುಸ್ತಕ ಮೂರು ಸಲ ತಿರುವಿದೆ. ಸದನದಲ್ಲಿ ನಡೆದದ್ದನ್ನು ನಡೆದಂತೆ ಬರೆಯುವುದು ನನ್ನ ಕೆಲಸ. ಬರೆದಿದ್ದೇನೆ. ಅವನ ತಪ್ಪನ್ನು ಒಂದು ತಪ್ಪೂ ಇಲ್ಲದೆ ಬರೆದಿದ್ದೇನೆ.

ಇನ್ನೊಂದು ಪುಟ ಇದೆ. ಹನ್ನೆರಡು ವರ್ಷದ ಹಿಂದಿನದು. ಪುಟ 531. ಬಾಯಿಪಾಠ.

ಟ್ರ್ಯಾಕ್ಟರ್ ಡೀಸೆಲ್ ಮೇಲಿನ ತೆರಿಗೆಗೆ ಹಾಲ್ಗ್ರೆನ್ ‘ಹೌದು’ ಎಂದು ಮತ ಹಾಕಿದ. ಮಾರನೆಯ ಬೆಳಿಗ್ಗೆ ಡೆಸ್ಕಿಗೆ ಬಂದು ಪಿಸುಗುಟ್ಟಿದ: “ವರ್ನಾ, ಬಟನ್ ತಪ್ಪಿ ಒತ್ಬಿಟ್ಟೆ. ‘ಇಲ್ಲ’ ಅಂತ ಮಾಡ್ಬಿಡು. ನಾವೇನು ಬೇರೆಯವ್ರಾ?” ಒಂದೇ ಚರ್ಚು, ಅವನ ಮಕ್ಕಳಿಗೆ ಸಂಡೇ ಸ್ಕೂಲ್ ಕಲಿಸಿದವಳು ನಾನು. ಬಾಯಿಮಾತು ನಂಬಿ ಬದಲಾಯಿಸಿದೆ. ಅದು ನನ್ನ ತಪ್ಪೇ, ಇಲ್ಲ ಎನ್ನುವುದಿಲ್ಲ. ವಾರದಲ್ಲಿ ಪತ್ರಿಕೆಯವರ ಕೈಗೆ ಮತಫಲಕದ ಫೋಟೋ ಸಿಕ್ಕಿತು. ಹಾಲ್ಗ್ರೆನ್ ಸದನದಲ್ಲಿ ಎದ್ದು ನಿಂತ. ಕಣ್ಣು ಕೂಡ ಮಿಟುಕಿಸಲಿಲ್ಲ. “ನಡಾವಳಿ ಗುಮಾಸ್ತೆಯ ಅಜಾಗರೂಕತೆ” ಎಂದ. ಮತಕ್ಕೆ ಹಾಕಿ ಬರೆಸಿದ. ಬರೆದವಳು ನಾನೇ. ‘ಗುಮಾಸ್ತೆ ವರ್ನಾ ಸ್ಕಾರ್ ತಪ್ಪು ಮಾಡಿರುವುದರಿಂದ...’

ಡೆಸ್ಕಿನಲ್ಲಿ ಕೂತವರು ಮಾತಾಡುವಂತಿಲ್ಲ. ಮಾತಾಡಲಿಲ್ಲ.

ನನ್ನ ಗಂಡ ಲೈಲ್ ಆಗ ಆಸ್ಪತ್ರೆಯಲ್ಲಿದ್ದ. ಯಾರೋ ಪೇಪರ್ ತಂದುಕೊಟ್ಟಿದ್ದರು. “ನೀನು ತಪ್ಪು ಮಾಡಿದ್ಯಾ, ವರ್ನಾ? ನೀನಾ?” ಎಂದ. ಎಲ್ಲ ಹೇಳಹೊರಟರೆ ಅವನಿಗೆ ಕೇಳುವ ಉಸಿರಿರಲಿಲ್ಲ. ‘ಹೌದು’ ಎಂದೆ. ನನ್ನ ಕೈ ತಟ್ಟಿದ. ಒಂಬತ್ತು ದಿನಕ್ಕೆ ಹೋದ. ಹಾಗೆಂದೇ ನಂಬಿಕೊಂಡು ಹೋದ.

ಆ ದಿನದಿಂದ ಡೆಸ್ಕಿಗೆ ಯಾರು ಬಂದರೂ ನನ್ನದು ಒಂದೇ ಮಾತು — ಬರೆದುಕೊಡಿ.

ಹೇಳುವುದಿಲ್ಲ. ನಾಲಿಗೆ ಕಡಿದುಕೊಂಡೇನು, ಹೇಳುವುದಿಲ್ಲ.

ಮಾರ್ಚ್ 2, ಗುರುವಾರ

ನಿದ್ದೆ ಚೆನ್ನಾಗಿ ಬರುತ್ತಿದೆ. ಹನ್ನೆರಡು ವರ್ಷದಲ್ಲಿ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

ಹಾಲ್ಗ್ರೆನ್ ದಿನಾ ಡೆಸ್ಕಿನ ಮುಂದೆ ಎದೆ ಸೆಟೆಸಿಕೊಂಡು ಓಡಾಡುತ್ತಾನೆ. ಟೀವಿಯವರಿಗೆ ‘ನನ್ನ ಜೀವಮಾನದ ಕೆಲಸ’ ಎಂದನಂತೆ. ಗವರ್ನರ್ ಚುನಾವಣೆಗೆ ನಿಲ್ಲುವ ಮಾತೂ ಇದೆ. ಒಳ್ಳೆಯದು. ಎತ್ತರದಿಂದ ಬಿದ್ದಷ್ಟೂ ಚೆನ್ನ.

ಪೈಕ್ ಕಾಫಿ ಯಂತ್ರದ ಹತ್ತಿರ ಹಿಡಿದಳು. “ಏನ್ರೀ ವರ್ನಾ, ಮುಖದಲ್ಲಿ ಕಳೆ ಬಂದಿದೆ? ನಮ್ಮನ್ನ ತುಳಿದುಹಾಕ್ತಿದಾರೆ, ನೀವು ಮದುವಣಗಿತ್ತಿ ಥರ ನಗ್ತಿದೀರಿ.”

“ಹೊಸ ಮಾತ್ರೆ,” ಎಂದೆ. ಅವಳಿಗೂ ಹೇಳಲಿಲ್ಲ. ಇದು ಅವಳ ಪಕ್ಷದ್ದಲ್ಲ, ನನ್ನದು.

ಓರ್ವಿಲ್ ಮಾತ್ರ ಪ್ರೂಫ್ ನಡುವೆ ಕನ್ನಡಕ ತೆಗೆದು ನನ್ನನ್ನೇ ನೋಡಿದ. ಎಪ್ಪತ್ತನಾಲ್ಕು ವರ್ಷ, ಲೈಲ್ ಜೊತೆ ಮೀನು ಹಿಡಿಯಲು ಹೋಗುತ್ತಿದ್ದವನು. “ಏನೋ ಬಚ್ಚಿಟ್ಕೊಂಡಿದೀಯ, ಹುಡುಗಿ.” ಅರವತ್ತೊಂದಾದರೂ ಅವನಿಗೆ ನಾನು ಹುಡುಗಿಯೇ.

“ಓದು ಮುಂದೆ,” ಎಂದೆ.

ಮಾರ್ಚ್ 9, ಗುರುವಾರ

ಹಿಮ. ಪಶ್ಚಿಮದ ಹೆದ್ದಾರಿ ಸಂಜೆಗೆ ಮುಚ್ಚಿತು. ದೊಡ್ಡ ಕೆಲಸ ಮುಗಿಯಿತೆಂದು ಹಾಲ್ಗ್ರೆನ್ ಕಡೆಯ ಹನ್ನೊಂದು ಜನ ಮಧ್ಯಾಹ್ನವೇ ಊರಿಗೆ ಹೊರಟರು. ಕರು ಹಾಕುವ ಕಾಲ, ಹಸುಗಳನ್ನು ನೋಡಿಕೊಳ್ಳಬೇಕು. ನಾಳೆ ಬರುವುದಿಲ್ಲ. ಬರಲಾಗುವುದೂ ಇಲ್ಲ.

ನಾನು ಡೆಸ್ಕಿನ ಕೆಳಗೆ ಬೂಟು, ಕಂಬಳಿ ಇಟ್ಟುಕೊಂಡೇ ಬಂದಿದ್ದೇನೆ. ಏನೇ ಆದರೂ ನಾಳೆ ತಪ್ಪಿಸಿಕೊಳ್ಳುವುದಿಲ್ಲ.

ಮಾರ್ಚ್ 10, ಶುಕ್ರವಾರ. ಬೆಳಿಗ್ಗೆ 11.15

ಗೊತ್ತಾಗಿಬಿಟ್ಟಿದೆ. ಸೆನೆಟ್‌ನ ವಕೀಲ ಓಡಿಬಂದು ಹಾಲ್ಗ್ರೆನ್ ಕಿವಿಯಲ್ಲಿ ಏನೋ ಹೇಳಿದ. ಹಾಲ್ಗ್ರೆನ್ ಪುಟ ಹುಡುಕಿಸಿದ. ಓದಿದ. ಕುರ್ಚಿಯಲ್ಲಿ ಕೂತ. ಆಮೇಲೆ ತಲೆ ಎಣಿಸಲು ಶುರುಮಾಡಿದ, ಬೆರಳು ಮಡಿಸಿ ಮಡಿಸಿ. ನಾನೂ ಎಣಿಸಿದೆ. ಸರಿಮಾಡಲು ಮೂವತ್ತಾರು ಮತ ಬೇಕು. ಅವನ ಕಡೆ ಕೂತಿರುವವರು ಮೂವತ್ತಮೂರು.

12.25

ಊಟದ ಬಿಡುವು. ಸದನ ಖಾಲಿ. ಡೆಸ್ಕಿನಲ್ಲೇ ಫ್ಲಾಸ್ಕಿನ ಸೂಪ್ ಕುಡಿಯುತ್ತಿದ್ದೆ. ಬಂದ.

“ಊಟ ಆಯ್ತಾ, ವರ್ನಾ?”

“ಆಗ್ತಾ ಇದೆ, ಲೀಡರ್ ಸಾಹೇಬ್ರೇ.”

“ಒಂದು ಸಣ್ಣ ಕೆಲಸ. ಪುಟ 412. ಒಂದೆರಡು ಪದ ಆಚೀಚೆ ಆಗಿದೆ. ಟೈಪಿಂಗ್ ತಪ್ಪು. ಅಚ್ಚಿಗೆ ಹೋಗೋ ಮುಂಚೆ ಸರಿ ಮಾಡ್ಬಿಡಿ.”

“ಟೈಪಿಂಗ್ ಅಲ್ಲ. ನಿಮ್ಮ ಕೈಬರಹ. ಚೀಟಿ ಫೈಲಲ್ಲಿದೆ.”

ಹಲ್ಲು ಕಚ್ಚಿದ. ಆಮೇಲೆ ಆ ಹಳೆಯ ದನಿ. ಅದೇ ಜೇನು. “ನಾವೇನು ಬೇರೆಯವ್ರಾ, ವರ್ನಾ? ಲೈಲ್ ಇದ್ದಿದ್ರೆ ನನ್ನ ಕಷ್ಟ ಅರ್ಥ ಮಾಡ್ಕೊಳ್ತಿದ್ದ.”

ಲೈಲ್ ಹೆಸರು. ಆ ಬಾಯಲ್ಲಿ.

ಬಿಸಿ ಸೂಪನ್ನು ಮುಖಕ್ಕೆ ಎರಚಬೇಕೆನಿಸಿತು. ಎರಚಲಿಲ್ಲ. ಚಮಚ ಕೆಳಗಿಟ್ಟೆ. “ಬಾಯಿಮಾತು ಆಗಲ್ಲ, ಸಾಹೇಬ್ರೇ. ನೀವೇ ಕಲಿಸಿದ ಪಾಠ. ಬರೆದುಕೊಡಿ.”

“ಈಗ ಏನ್ ಬರೆಯೋದು—”

“ಬರೆಯದೆ ಒಂದು ಕಾಮಾನೂ ಮುಟ್ಟಲ್ಲ.”

ಗಡಿಯಾರ ನೋಡಿದ. ಬೈಗುಳ ನುಂಗಿಕೊಂಡ. ಬರೆದ. ನನ್ನ ಕೈಗೆ ಚಾಚಿದ.

“ಕೈಗೆ ಸೂಪ್ ಮೆತ್ತಿದೆ. ಅಲ್ಲಿಡಿ,” ಎಂದು ಗದ್ದ ಎತ್ತಿ ತೋರಿಸಿದೆ.

ಇಟ್ಟ. ತಾನೇ. ತನ್ನ ಕೈಯಾರೆ. ತಗಡಿನ ತಟ್ಟೆಗೆ. ಇಪ್ಪತ್ತಾರು ವರ್ಷದಿಂದ ಸದಸ್ಯ. ಚೀಟಿ ತಂದಿಡಲು ಅವನಿಗೆ ಯಾವಾಗಲೂ ಬೇರೆಯವರಿದ್ದರು. ತಟ್ಟೆ ಏನೆಂಬುದೇ ಮರೆತುಹೋಗಿತ್ತು.

ತೆಗೆದು ಬಚ್ಚಿಡಬಹುದಿತ್ತು. ತೆಗೆಯಲಿಲ್ಲ. ಸೂಪ್ ಮುಗಿಸಿದೆ. ಕೊನೆಯ ಹನಿವರೆಗೂ.

ಮಧ್ಯಾಹ್ನ 2.30

ಒಂದು ಗಂಟೆಗೆ ಸುತ್ತಿಗೆ. ‘ಡೆಸ್ಕಿಗೆ ಬಂದ ಪತ್ರಗಳು’ ಎಂದರು ಸ್ಪೀಕರ್. ಓರ್ವಿಲ್ ತಟ್ಟೆಗೆ ಕೈ ಹಾಕಿದ. ಒಂದು ಧನ್ಯವಾದ ಪತ್ರ ಓದಿದ. ಆಮೇಲೆ ಆ ಚೀಟಿ. ಒಳಗೇ ಓದಿಕೊಂಡ. ನಿಂತ. ಕನ್ನಡಕದ ಮೇಲಿನಿಂದ ನನ್ನ ಕಡೆ ನೋಡಿದ. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ.

ಗಂಟಲು ಸರಿಮಾಡಿಕೊಂಡ. ಪ್ರೂಫ್ ಓದುವ ಹಾಗೇ ಓದಿದ, ಒಂದೂ ಬಿಡದೆ.

“ವರ್ನಾ, ಕಾಮಾ, ಪುಟ 412, ಪೂರ್ಣವಿರಾಮ. ಚುನಾವಣೆಯಲ್ಲಿ ತೆಗೆದು ಪ್ರಶ್ನೆಯ ಮೇಲೆ ಹಾಕಿ, ಪೂರ್ಣವಿರಾಮ. ಸದ್ದಿಲ್ಲದೆ ಮುಗಿಸಿ, ಪೂರ್ಣವಿರಾಮ. ಡ್ಯಾಶ್. ರಾಸ್.”

ಯಾರೂ ನಗಲಿಲ್ಲ. ಜಂತುಹುಳಕ್ಕೆ ನಕ್ಕವರು ಒಬ್ಬರೂ ನಗಲಿಲ್ಲ. ಹಾಲ್ಗ್ರೆನ್ ಎದ್ದ. “ಅದು... ಅದು ಖಾಸಗಿ! ನಡಾವಳಿಯಿಂದ ತೆಗೀಬೇಕು!”

ಪೈಕ್ ಕೂತಲ್ಲಿಂದಲೇ ಅಂದಳು, “ಮತಕ್ಕೆ ಹಾಕಿ ಸ್ವಾಮೀ. ಬಹುಮತ ಸಾಕು. ಅರವತ್ತು ಕೇಳಲ್ಲ ನಾವು.”

ಹಾಕಿದರು. ತೆಗೆಯಲೂ ಮೂವತ್ತಾರೇ ಬೇಕು. ಮೂವತ್ತಮೂರರಲ್ಲಿ ನಾಲ್ವರು ಬಟನ್ ಮುಟ್ಟಲೇ ಇಲ್ಲ, ಕೈ ಕಟ್ಟಿ ಕೂತರು. ಬಿದ್ದುಹೋಯಿತು. ತಿದ್ದುಪಡಿಯೂ ಅದರ ಜೊತೆಗೆ. ಎರಡು ಗಂಟೆ ಎಂಟು ನಿಮಿಷಕ್ಕೆ ಕೊನೆಯ ಸುತ್ತಿಗೆ ಬಿತ್ತು. ಅಧಿವೇಶನ ಮುಗಿಯಿತು.

ಹೋಗುವಾಗ ಹಾಲ್ಗ್ರೆನ್ ಡೆಸ್ಕಿನ ಮುಂದೆ ನಿಂತ. ಮುಖ ಹಿಟ್ಟಿನ ಹಾಗಿತ್ತು. “ಬೇಕೂಂತ್ಲೇ ಮಾಡಿದ್ರಿ.”

“ಹೌದು,” ಎಂದೆ. ಹನ್ನೆರಡು ವರ್ಷದ ಹಿಂದೆ ಲೈಲ್‌ಗೆ ಹೇಳಿದ ಅದೇ ಮಾತು. ಈ ಸಲ ನಿಜ.

ಪೈಕ್ ಬಂದು ತಬ್ಬಿಕೊಂಡಳು. “ನಮ್ಮನ್ನ ಉಳಿಸಿದ್ರಿ ಕಣ್ರೀ!” ನಿಮಗೋಸ್ಕರ ಅಲ್ಲ ಎಂದೆ. ಕೇಳಿಸಿಕೊಳ್ಳಲಿಲ್ಲ.

ಖುಷಿಯಾಯಿತೇ? ಆಯಿತು. ಸುಳ್ಳೇಕೆ. ಹೊಟ್ಟೆ ತಣ್ಣಗಾಯಿತು.

3.15

ಓರ್ವಿಲ್ ಎರಡು ಕಾಫಿ ತಂದ. “ಲೈಲ್ ಇರ್ಬೇಕಿತ್ತು” ಎಂದ, ಅಷ್ಟೇ. ಆಗ ಅತ್ತೆ. ಅಳು ನಿಲ್ಲುವವರೆಗೂ ಅವನು ಪೆನ್ಸಿಲ್ ಕೆತ್ತುತ್ತಾ ಕೂತ.

ಕೊನೆಯ ದಿನದ ಪ್ರೂಫ್ ಈಗಲೇ ಮುಗಿಸಬೇಕು, ಹಿಮ ಹೆಚ್ಚುತ್ತಿದೆ. ಮುಂದಿನಿಂದ ಒಮ್ಮೆ ಆಯಿತು. ಈಗ ಹಿಂದಿನಿಂದ. ಚೀಟಿಯ ಸಾಲಿಗೆ ಬಂದಿದ್ದೇವೆ. ರಾಸ್. ಡ್ಯಾಶ್. ಮುಗಿಸಿ. ಸದ್ದಿಲ್ಲದೆ. ಹಾಕಿ. ಮೇಲೆ. ಪ್ರಶ್ನೆಯ. ಹೀಗೆ ಓದುತ್ತಾ ಹೋದರೆ ಕೊನೆಗೆ ಬರುವುದು ನನ್ನ ಹೆಸರು. ಈ ಸಲ ಆ ಹೆಸರಿನ ಪಕ್ಕ ತಪ್ಪು ಎಂಬ ಪದವಿಲ್ಲ.