ಅಂಗಳದ ತನಕ ಬಂದ ಅಪ್ಪ

ಸಗರ
ಭಾನುವಾರ

ಅಪ್ಪನಿಗೆ ಮೌನೇಶ್ವರಿಯ ನಮಸ್ಕಾರ.

ಬುಧವಾರ ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ನೀವು ದೇವಾಪುರದಿಂದ ಬಂದಿದ್ದಿರಂತೆ. ವಾಲುತ್ತಿದ್ದ ಡೇಲಿಯಾ ಗಿಡಗಳಿಗೆ ಕೋಲು ನೆಟ್ಟು, ಹಳೆ ಧೋತರದ ಚಿಂದಿಯಿಂದ ಕಟ್ಟಿದ್ದೀರಿ. ಹೂ ದೊಡ್ಡದಾಗಲೆಂದು ಪಕ್ಕದ ಮೊಗ್ಗು ಚಿವುಟಿ ನಡುವಿನದನ್ನಷ್ಟೇ ಉಳಿಸಿದ್ದೀರಿ. ಗಿಡಗಳು ಬೀಳುತ್ತಿವೆ ಎಂದು ನಾನು ಅವ್ವನಿಗೆ ಫೋನಿನಲ್ಲಿ ಹೇಳಿದ್ದು ನಿಮಗೂ ಕೇಳಿಸಿದೆ. ಅಲ್ಲಿಯವರೆಗೆ ಸಂತೋಷವೇ.

ಆದರೆ ನಮ್ಮ ಅತ್ತೆ ತಂಬಿಗೆ ಹಿಡಿದು, "ಬಿಸಿಲಾಗ ಬಂದೀರಿ, ಒಳಗ ಬರ್ರಿ, ನೀರರೆ ಕುಡೀರಿ" ಎಂದರೆ, "ಬ್ಯಾಡ್ರಿ, ಬಸ್ಸಿಗಿ ಹೊತ್ತಾತು" ಎಂದು ಹೊರಟುಬಿಟ್ಟಿರಂತೆ. ಆ ಹೊತ್ತಿಗೆ ಯಾವ ಬಸ್ಸೂ ಇಲ್ಲ, ಅಪ್ಪ. ನಾನು ಅರುಣಕುಮಾರನನ್ನು ಮದುವೆಯಾಗಿ ಎರಡು ವರ್ಷವಾಯಿತು. ಅವನ ಜಾತಿಯವರ ನೀರು ಇನ್ನೂ ನಿಮ್ಮ ಗಂಟಲಲ್ಲಿ ಇಳಿಯುವುದಿಲ್ಲ.

ಸಿಟ್ಟಿನಲ್ಲಿ ಕೋಲುಗಳನ್ನು ಕೀಳಲು ಹೋದೆ. "ಗಿಡ ಏನ್ ತಪ್ಪ ಮಾಡ್ಯಾವ, ಬಿಡವ್ವ" ಎಂದು ಅತ್ತೆ ಕೈ ಹಿಡಿದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಇನ್ನು ಮುಂದೆ ಗಿಡಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಬರುವುದಾದರೆ ನಾನು ಮನೆಯಲ್ಲಿರುವಾಗ ಬನ್ನಿ. ಚಪ್ಪಲಿ ಬಿಟ್ಟು ಒಳಗೆ ಬನ್ನಿ, ಅತ್ತೆ ಕೊಟ್ಟ ನೀರು ಕುಡಿಯಿರಿ. ಅದಾಗದಿದ್ದರೆ ಗಿಡ ಬಿದ್ದರೂ ಬೀಳಲಿ, ಬರಬೇಡಿ.

ನಿಮ್ಮ ಮಗಳು,
ಮೌನೇಶ್ವರಿ