ಬ್ಯಾಡಗಿಯ ಎದೆಯುರಿ

ಜನವರಿ ೬, ಸೋಮವಾರ. ಹಾವೇರಿ

ಇವತ್ತೂ ಒಂದು ಸ್ಯಾಂಪಲ್ ಚಹಾದಲ್ಲಿ ಮುಳುಗಿತು. ಹಾರ್ಟ್ ಅಟ್ಯಾಕ್ ಆಗಿ ವಾರ್ಡಿನಲ್ಲಿರುವ ಮೇಡ್ಲೇರಿ ಊರಿನ ಅಜ್ಜನದು. ಖಾಲಿ ಹೊಟ್ಟೆಯ ರಕ್ತ ಬೇಕು ಅಂತ ನಿನ್ನೆಯೇ ಕೈಮುಗಿದು ಹೇಳಿದ್ದೆ. ಹೋಗಿ ನೋಡಿದರೆ ಮಾತಾಡಿಸಲು ಬಂದ ಬೀಗರು ಬಸಿಯಲ್ಲಿ ಹುಯ್ದು, ಊದಿ ಊದಿ ಕುಡಿಸುತ್ತಿದ್ದಾರೆ.

“ಉಪವಾಸ ಅಂದಿದ್ದೆನಲ್ರಿ?”

“ಊಟ ಎಲ್ಲಿ ಮಾಡ್ಯಾನ್ರಿ ಅಕ್ಕಾರ, ಬರೇ ಚಾ!”

ನಮ್ಮ ಲ್ಯಾಬ್ ಟೆಕ್ನಿಷಿಯನ್ ಫಿರೋಜ್ ಸೂಜಿಯನ್ನು ಮರಳಿ ಪೆಟ್ಟಿಗೆಯೊಳಗಿಟ್ಟ. ಬೀಗರು ನಮಗೂ ಎರಡು ಬಸಿ ಮುಂದೆ ಮಾಡಿದರು. ಕುಡಿದೆವು. ಮತ್ತೇನು ಮಾಡುವುದು.

ನನ್ನ ಪಿಎಚ್‌ಡಿ ಇದು: ಮೈಯ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ರಕ್ತಕ್ಕೆ ಹಾರ್ಮೋನು ಬಿಡುತ್ತದೆ — ಲೆಪ್ಟಿನ್, ರೆಸಿಸ್ಟಿನ್, ಅಡಿಪೊನೆಕ್ಟಿನ್. ಅಟ್ಯಾಕ್ ಆದವರಲ್ಲಿ ಇವೆಷ್ಟು, ಆಗದವರಲ್ಲಿ ಎಷ್ಟು, ಅಳೆದು ನೋಡುವುದು. ಎಂದಾದರೂ ಮುನ್ಸೂಚನೆ ಸಿಕ್ಕೀತು ಎಂಬ ಆಸೆ. ಬಸ್ಸಿನಲ್ಲಿ ದಿನಾ ರಾಣೆಬೆನ್ನೂರು–ಹಾವೇರಿ ಓಡಾಡುತ್ತ ಈ ವಯಸ್ಸಿಗೆ ಪಿಎಚ್‌ಡಿ ಹಚ್ಚಿಕೊಂಡವಳು. ಕೊಬ್ಬು ಯಾರಿಗೆ ಅಂತ ಬೇರೆ ಅಳೆಯಬೇಕಾಗಿಲ್ಲ.

ರೋಗಿಗಳು ಬೇಕಾದಷ್ಟು. ಸಿಗದವರು ಕಂಟ್ರೋಲುಗಳು — ಹೋಲಿಸಿ ನೋಡಲು ಬೇಕಾದ, ಏನೂ ಆಗದ ಜನ. “ಏನೂ ಆಗಿಲ್ಲಂದ್ರ ರಕ್ತ ಯಾಕ ಕೊಡಬೇಕ್ರಿ?” ಅಂತಾರೆ. ನ್ಯಾಯವೇ.

ಅಣ್ಣನನ್ನೇ ಹಿಡಿಯಬೇಕು.

ಜನವರಿ ೯, ಗುರುವಾರ. ಬ್ಯಾಡಗಿ

ಅಣ್ಣ ಮಾಲತೇಶಪ್ಪನ ಮೆಣಸಿನಕಾಯಿ ದಲಾಲಿ ಅಂಗಡಿ. ಹಂಗಾಮು ಜೋರು. ಊರಿಗೆ ಊರೇ ಸೀನುತ್ತಿದೆ. ಇಲ್ಲಿ ಕೂಸುಗಳೂ ಸೀನಿಯರ್ ಸಿಟಿಜನ್ನೇ.

ಬಾಯಿಗೆ ಕಂಟ್ರೋಲ್ ಇಲ್ಲದ ಅಣ್ಣ ನನ್ನ ಕಂಟ್ರೋಲ್ ಆಗಲು ಒಪ್ಪಿದ. ಮುಂಜಾನೆಯಿಂದ ಚಹಾ ಕುಡಿಯದ್ದಕ್ಕೆ ಮುಖ ಮಾತ್ರ ಹುಳ್ಳಗೆ. ಫಿರೋಜನಿಗೆ ತೋಳು ಕೊಟ್ಟು, “ನೋಡ್ಕೋ ತಮ್ಮಾ, ಬರೇ ಕೆಂಪೈತೋ, ಖಾರಾನೂ ಐತೋ!”

ಕೇಳಬೇಕಾದ್ದು ಕೇಳಿದೆ. ಬಿಪಿ? ಇಲ್ಲ. ಶುಗರ್? ಇಲ್ಲ. ಎದೆನೋವು, ಉರಿ?

“ಉರೀತೈತಿ. ಒಟ್ಟಿದ ಚೀಲದ ಥಪ್ಪಿ ಹತ್ತಿ ಇಳದ್ರ ಉರೀತೈತಿ. ಕುಂತ್ರ ಆರ್ತೈತಿ.”

ಹಮಾಲರೆಲ್ಲ ನಕ್ಕರು. “ಬ್ಯಾಡಗಿಯೊಳಗ ಎದಿ ಉರೀಲಾರ್ದವ್ರು ಯಾರದಾರ್ರಿ ಅಕ್ಕಾರ? ಘಾಟು!”

ನಾನೂ ನಕ್ಕೆ. ಈ ಘಾಟಿನಲ್ಲೇ ಬೆಳೆದವಳು. ‘ಇಲ್ಲ’ ಅಂತ ಬರೆದುಕೊಂಡೆ.

ಇಸಿಜಿಗೆ ಹಾವೇರಿಗೆ ಬಾ ಅಂದರೆ, “ಸೋಮವಾರ, ಗುರುವಾರ ಮಾರ್ಕೆಟ್ಟು. ಉಳದ ದಿನಾ ಮಾರ್ಕೆಟ್ಟಿನ ತಯಾರಿ. ಯಾವಾಗ ಬರ್ಲಿ, ನೀನ ಹೇಳು.”

ಜನವರಿ ೨೮

ಅಣ್ಣ ಬಂದಿಲ್ಲ. ಇನ್ನೂ ಕಂಟ್ರೋಲುಗಳು ಸಾಲವು. ಹಾರ್ಮೋನು ಅಳೆಯುವ ಕಿಟ್ಟಿನ ತಟ್ಟೆಯ ಗುಂಡಿಗಳೆಲ್ಲ ತುಂಬುವಷ್ಟು ಸ್ಯಾಂಪಲ್ ಕೂಡುವವರೆಗೆ ಪರೀಕ್ಷೆ ಮಾಡುವಂತಿಲ್ಲ. ನಡುವೆ ಕಿಟ್ ಒಡೆದರೆ ಉಳಿದದ್ದು ಹಾಳು. ಅಲ್ಲಿಯವರೆಗೆ ಅಣ್ಣನ ರಕ್ತ ಫ್ರೀಜರಿನಲ್ಲಿ. ಹುಟ್ಟಿದಾಗಿನಿಂದ ಮೊದಲ ಸಲ ತಣ್ಣಗೆ ಕೂತಿದ್ದಾನೆ.

ಕಾಲು ನೋವು. ಮಲಗುವೆ.

ಫೆಬ್ರುವರಿ ೧೩, ಗುರುವಾರ

ಮಧ್ಯಾಹ್ನ ಅಣ್ಣನ ಹೆಂಡತಿ ಮಂಗಳಾ ವೈನಿಯ ಫೋನು.

“ಸುಧಾ, ನಿಮ್ಮಣ್ಣಗ ಅಂಗಡ್ಯಾಗ ಘಾಟು ಹತ್ತೇತಿ. ಮಜ್ಜಿಗಿ ಕೊಟ್ವಿ, ಬೆಲ್ಲ ಕೊಟ್ವಿ. ಕಮ್ಮಿ ಆಗವಲ್ದು.”

“ಕಣ್ಣಾಗ ನೀರು ಬರಾಕತ್ತಾವೇನು?”

“ಇಲ್ಲ. ಕಣ್ಣು ಒಣಾ ಅದಾವ. ಅಂಗಿ ಮಾತ್ರ ತೊಪ್ಪಂತ ತೊಯ್ದೈತಿ.”

ಘಾಟಾದರೆ ಕಣ್ಣು ಸೋರಬೇಕು, ಮೂಗು ಸೋರಬೇಕು. ಬೆವರಿಗೆ ಅಂಗಿ ಯಾಕೆ ತೊಯ್ಯುತ್ತದೆ?

“ವೈನಿ, ಮಜ್ಜಿಗಿ ಬಿಡು. ಲಗೂನ ಗಾಡಿ ಹತ್ತಸು. ಹಾವೇರಿಗೆ. ನಡಸಬ್ಯಾಡ್ರಿ, ಎತ್ತಿಕೊಂಡ್ ಬರ್ರಿ.”

ಹಮಾಲರು ಚೀಲ ಎತ್ತಿದ ಹಾಗೆ ಎತ್ತಿ ತಂದರು. ಮೈತುಂಬ ಮೆಣಸಿನಕಾಯಿ ವಾಸನೆ. ಇಸಿಜಿ ಹಾಳೆ ನೋಡಿದೆ…

ಅಟ್ಯಾಕ್. ಇಂಜೆಕ್ಷನ್ ಕೊಟ್ಟರು. ಉಳಿದ.

ಫೆಬ್ರುವರಿ ೨೪, ಸೋಮವಾರ

ಹುಬ್ಬಳ್ಳಿಯಲ್ಲಿ ಸ್ಟೆಂಟು ಹಾಕಿದರು. ಅಣ್ಣ ಮನೆಗೆ ಬಂದಿದ್ದಾನೆ. ಹೃದಯದ ಒಂದು ಪಾಲು ಸೋತಿದೆಯಂತೆ. ದಿನಾ ಗುಳಿಗೆ, ವಿಶ್ರಾಂತಿ.

ಇವತ್ತು ತಟ್ಟೆ ತುಂಬಿತು. ಫಿರೋಜ್ ಪರೀಕ್ಷೆ ಮಾಡಿದ. ಜನವರಿಯ ಅಣ್ಣನ ರಕ್ತ… ಮೂರೂ ಹಾರ್ಮೋನು ಆರೋಗ್ಯವಂತರ ಅಂಕಿಗಳ ನಟ್ಟನಡುವೆ. ಎರಡು ಸಲ ನೋಡಿದೆ. ಚಾಡಿ ಹೇಳಬೇಕಾಗಿದ್ದ ಕೊಬ್ಬು ಬಾಯಿ ಮುಚ್ಚಿಕೊಂಡು ಕೂತಿತ್ತು.

“ಒಬ್ಬರ ಅಂಕಿ ಹಿಡಕೊಂಡು ಏನೂ ಹೇಳ್ಲಿಕ್ಕೆ ಬರೂದಿಲ್ಲ ಸುಧಾರಾಣಿ. ನೂರಾರು ಜನರನ್ನ ಒಟ್ಟಿಗೆ ನೋಡಿದಾಗಷ್ಟ ಅರ್ಥ. ಅವರನ್ನ ಕಂಟ್ರೋಲಿನಿಂದ ತೆಗೀರಿ.” ಗೈಡ್ ನಿರ್ಮಲಾ ಮೇಡಂ. ಖರೇ ಮಾತು.

ತೆಗೆದೆ.

ಫೆಬ್ರುವರಿ ೨೮

ಅಣ್ಣನ ಫೋನು. ದನಿ ಮೊದಲಿನ ಹಾಗೇ.

“ನನ್ನ ರಕ್ತದ್ದೇನ್ ಬಂತು? ಫಿರೋಜನ್ನ ಕೇಳಿದ್ರ ಸುಧಾ ಮೇಡಂನ್ನ ಕೇಳ್ರಿ ಅಂತಾನ. ಛಲೋ ಇದ್ರ ಸೋಮವಾರ ಅಂಗಡಿ ತೆಗಿತೇನಿ. ಈ ಗುಳಿಗಿ ಸಾಕವ್ವಾ, ಬಾಯಿ ಕಹಿ ಕಹಿ.”

“ಅದು ಹಳೇ ರಕ್ತ ಅಣ್ಣಾ.”

“ಹಳೇದ ಛಲೋ ಇದ್ರ ಇದೂ ಛಲೋ. ಗಾಬರಿಗೆ ಒಂದ್ಸಲ ಎದಿ ಹಿಡದಿತ್ತು, ಹೋತು.”

ಆಮೇಲೆ ವೈನಿ ಹಿತ್ತಲಿನಿಂದ, ಪಿಸುದನಿಯಲ್ಲಿ: “ಅಟ್ಟ ಹತ್ತಿ ಇಳದ್ರ ಮತ್ತ ಉರೀತೈತಂತ. ಕೇಳಿದ್ರ ಘಾಟು ಅಂತಾರ. ರಕ್ತ ಛಲೋ ಇಲ್ಲಂತ ಒಂದ್ ಸುಳ್ಳ ಹೇಳಿಬಿಡು ಸುಧಾ. ನಿನ್ನ ಮಾತು ಕೇಳ್ತಾರ.”

ಹೇಳಬಹುದು. ಸುಲಭ. ಒಂದು ವಾರ ಹೆದರುತ್ತಾನೆ. ಮುಂದೆ ಯಾರೋ ರಿಪೋರ್ಟ್ ಓದಿ ಹೇಳುತ್ತಾರೆ, ಅಲ್ಲಿಗೆ ಗುಳಿಗೆ ಹಿತ್ತಲಿಗೆ. ಖರೇ ಹೇಳಿದರೆ? ಸೋಮವಾರವೇ ಥಪ್ಪಿ ಹತ್ತುತ್ತಾನೆ.

ಅವನು ಅಂಕಿಯನ್ನು ನಂಬಬಾರದು. ಎದೆಯನ್ನು ನಂಬಬೇಕು. ಆದರೆ ಅವತ್ತು ಎದೆಯ ಮಾತಿಗೆ ನಕ್ಕವರಲ್ಲಿ ನಾನೂ ಒಬ್ಬಳು.

ಮಾರ್ಚ್ ೨, ಭಾನುವಾರ. ಬಸ್ಸಿನಲ್ಲಿ

ಫೋನಿನಲ್ಲಿ ಆಗುವ ಮಾತಲ್ಲ. ಬ್ಯಾಡಗಿಗೆ ಹೊರಟೆ. ನಾಳೆ ಅಂಗಡಿ ತೆಗೆಯುವವನು. ಇವತ್ತೇ ಆಗಬೇಕು, ಇಸಿಜಿಗೂ ಕರೆದುಕೊಂಡೇ ಬರಬೇಕು.

ಏನು ಹೇಳುವುದು ಅಂತ ಮನಸ್ಸಿನಲ್ಲೇ ಆಡಿ ನೋಡುತ್ತಿದ್ದೇನೆ. ಪ್ರತಿ ಸಲ ಒಂದು ಚೇಷ್ಟೆ ಮುಂದೆ ಬಂದು ನಿಲ್ಲುತ್ತದೆ. ನಗಿಸಿದರೆ ಕೆಟ್ಟೆ. ಅವನು ಇನ್ನೊಂದು ಹೇಳುತ್ತಾನೆ, ವೈನಿ ಚಹಾ ತರುತ್ತಾಳೆ, ಮುಗಿಯಿತು. ನೆಟ್ಟಗೆ ಹೇಳಬೇಕು:

ಅಣ್ಣಾ, ರಕ್ತ ಛಲೋ ಬಂದೈತಿ. ಅದನ್ನ ನಂಬಬ್ಯಾಡ. ಅದಕ್ಕ ಏನೂ ಗೊತ್ತಾಗಿರಲಿಲ್ಲ. ಗೊತ್ತಿದ್ದದ್ದು ನಿನಗೊಬ್ಬನಿಗೆ. ಹತ್ತಿ ಇಳದ್ರ ಉರೀತೈತಿ, ಕುಂತ್ರ ಆರ್ತೈತಿ ಅಂತ ಎಲ್ಲಾರ ಮುಂದ ಬಾಯಿ ಬಿಟ್ಟು ಹೇಳಿದಿ. ಅದು ಘಾಟಲ್ಲ ಅಂತ ಗೊತ್ತಾಗಬೇಕಾದಷ್ಟು ಓದಿದಾಕಿ ಅಲ್ಲಿ ನಾ ಒಬ್ಬಾಕಿನ ಇದ್ದೆ. ನಾ ಅವತ್ತ ನಕ್ಕು ‘ಇಲ್ಲ’ ಅಂತ ಬರಕೊಂಡೆ. ಈಗ ನಗೂದಿಲ್ಲ; ಗುಳಿಗಿ ಬಿಡಬ್ಯಾಡ, ಇಸಿಜಿಗೆ ನಡಿ.