ಗೆರೆಯ ಹೊರಗಿನ ಚೆಂಡು

ಇಂಡಿ
ರವಿವಾರ, 2-12-2001

ಪ್ರೀತಿಯ ಮಗ ಚೇತನನಿಗೆ, ನಿನ್ನ ಅಪ್ಪನ ಆಶೀರ್ವಾದಗಳು.

ಹೊಟ್ಟೆಯ ಉರಿ ಈಗ ಹೇಗಿದೆ? ಮುದ್ದೇಬಿಹಾಳದ ಖಾನಾವಳಿಯವರು ಪಲ್ಯದ ಮೇಲೆ ಎಣ್ಣೆ ತೇಲಿಸುವುದನ್ನು ಬಿಡುವವರಲ್ಲ, ನೀನೇ ರೊಟ್ಟಿ ಮೊಸರಿನ ಮೇಲೆ ದಿನ ತೆಗೆ. ಚಹಾ ಕಡಿಮೆ ಮಾಡು. ಇಲ್ಲಿ ಸೊಸೆ ರಾಜಶ್ರೀ, ಮೊಮ್ಮಗಳು ಐಶ್ವರ್ಯ ಇಬ್ಬರೂ ಆರಾಮ. ನಿನ್ನ ಹೆಂಡತಿಯ ವರ್ಗಾವಣೆಯ ಅರ್ಜಿ ಇನ್ನೂ ಯಾವ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿದೆಯೋ ತಿಳಿಯದು. ಅದು ಬರುವವರೆಗೆ ಸೊಸೆಯ ಕೈಯ ಊಟ ನನಗೆ, ಖಾನಾವಳಿಯ ಊಟ ನಿನಗೆ. ಐಶ್ವರ್ಯ ಏಳನೆಯ ಇಯತ್ತೆಯಲ್ಲಿ ಗಣಿತಕ್ಕೆ ನಲವತ್ತೆಂಟು ತಂದಿದ್ದಾಳೆ, ಐವತ್ತಕ್ಕೆ. ಉಳಿದ ಎರಡನ್ನು ಎಲ್ಲಿ ಬಿಟ್ಟೆ ಎಂದು ಕೇಳಿದರೆ, ‘ಮಾಸ್ತರ ಕಡೆ ಇರ್ಲಿ ಬಿಡು ಅಜ್ಜಾ, ಪಾಪ’ ಅಂದಳು. ನಿಮ್ಮವ್ವನ ನಾಲಿಗೆ ಅವಳಿಗೆ ಬಂದಿದೆ.

ಈಗ ವಿಷಯಕ್ಕೆ ಬರುತ್ತೇನೆ. ದೀಪಾವಳಿಗೆ ಬಂದಾಗ ನೀನು ಮಗಳಿಗೆಂದು ತಂದ ಆ ಟಿವಿ ಗೇಮಿನ ಡಬ್ಬಿಯಿಂದ ನನ್ನ ಮಾನ ಹೋಗಿದೆ. ಪಾಡ್ಯದ ದಿನ ಅಪ್ಪ ಮಗಳು ಕೂತು ಬೇಸ್‌ಬಾಲ್ ಆಡುತ್ತಿದ್ದಿರಿ. ನಾನು ಕುರ್ಚಿಯಲ್ಲಿ ಕೂತು ಆಟ ಅರ್ಥ ಮಾಡಿಕೊಂಡೆ. ನೆಲದಲ್ಲಿ ಬಿಳಿ ಪಟ್ಟಿಯೊಂದಿದೆ, ಚೆಂಡು ಅದರ ಮೇಲೆ ಹಾದು ಹೋದರೆ ಸ್ಟ್ರೈಕ್, ಹೊರಗೆ ಹೋದರೆ ಅಲ್ಲ, ಮೂರು ಸ್ಟ್ರೈಕಿಗೆ ಬ್ಯಾಟಿನವನು ಔಟ್. ಇಷ್ಟೇ. ಐಶ್ವರ್ಯಳಿಗೆ ಮೂರನೆಯ ಸ್ಟ್ರೈಕ್ ಕೊಟ್ಟಿತಲ್ಲ ಯಂತ್ರ, ಆ ಚೆಂಡು ಪಟ್ಟಿಯ ಎಡಕ್ಕೆ, ಎರಡು ಬೆರಳಿನಷ್ಟು ಹೊರಗೆ ಹೋಗಿತ್ತು. ಹೊರಗೆ ಹೋಯಿತು ಎಂದು ನಾನು ಹೇಳಿದೆ. ನೀನು ನಕ್ಕೆ. ‘ಯಂತ್ರ ಲೆಕ್ಕದ ಮ್ಯಾಲೆ ನಡೀತೈತ್ರಿ ಅಪ್ಪಾ, ಅದು ತಪ್ಪಂಗಿಲ್ಲ. ನಿಮಗ ಕಾಣಂಗಿಲ್ಲ ಅಷ್ಟ’ ಅಂದೆ. ಗಣಿತದ ಮಾಸ್ತರ ನೀನು, ಲೆಕ್ಕದ ಮೇಲೆ ಭಕ್ತಿ ಇರಲಿ. ಆದರೆ ಅಷ್ಟಕ್ಕೇ ಬಿಡಲಿಲ್ಲ, ಕಾಣದವರು ರಸ್ತೆಗೆ ಇಳಿಯಬಾರದು ಎಂದು ನನ್ನ ಲೂನಾ ಗಾಡಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದೆ.

ಇದೆಲ್ಲ ನಡೆದಾಗ ಬಾಗಿಲಲ್ಲಿ ಸಾಲೋಟಗಿಯ ಮಾಳಿಂಗಪ್ಪ ಲಿಂಬೆಹಣ್ಣಿನ ಚೀಲ ಹಿಡಿದು ನಿಂತಿದ್ದ. ಅವನಿಗೂ ಅವನ ದಾಯಾದಿ ಕಾಂತುವಿಗೂ ತೋಟದ ಬದುವಿನ ತಂಟೆ. ಇಪ್ಪತ್ತೊಂದು ಲಿಂಬೆ ಗಿಡ ಯಾರ ಪಾಲಿಗೆ ಎಂಬುದು ನಿರ್ಧಾರವಾಗಬೇಕು. ಕೋರ್ಟಿಗೆ ಹೋಗುವುದು ಬೇಡ, ಸರ್ವೇಯರ್ ಶ್ರೀಶೈಲಪ್ಪನವರು ಎಲ್ಲಿ ಕಲ್ಲು ನೆಡಿಸುತ್ತಾರೋ ಅಲ್ಲಿಯೇ ಗಡಿ ಎಂದು ಇಬ್ಬರೂ ಗುಡಿಯ ಕಟ್ಟೆಯ ಮೇಲೆ ಒಪ್ಪಿದ್ದರು. ನಾನು ರಿಟಾಯರಾಗಿ ಆರು ವರ್ಷದ ಮೇಲೂ ಜನ ನನ್ನ ಮಾತಿಗೆ ಹಾಗೆ ಒಪ್ಪುತ್ತಾರಲ್ಲ, ಅದು ನನ್ನ ಪೆನ್ಶನ್ನಿಗಿಂತ ದೊಡ್ಡದು. ನಿನ್ನ ಮಾತು ಮಾಳಿಂಗಪ್ಪನ ಬಾಯಿಂದ ಊರು ಸೇರಿತು. ಎಂಟು ದಿನದಲ್ಲಿ ಕಾಂತು ಹೇಳಿ ಕಳಿಸಿದ: ‘ಟಿವ್ಯಾಗಿನ ಚಂಡು ಕಾಣದವ್ರು ನಮಗ ಬದು ಏನ್ ತೋರಸ್ತಾರ? ವಕೀಲರ ಕಡೆ ಹೋಗೂಣು.’

ಮೂವತ್ತನಾಲ್ಕು ವರ್ಷ, ಚೇತನಾ. ಇಂಡಿ, ಸಿಂದಗಿ, ಬಾಗೇವಾಡಿ, ನಿನ್ನ ಮುದ್ದೇಬಿಹಾಳ, ಈ ನಾಲ್ಕು ತಾಲೂಕಿನಲ್ಲಿ ನಾನು ಅಳತೆಯ ಸರಪಳಿ ಎಳೆಸದ ಊರು ಕಡಿಮೆ. ತಂಗಡಗಿಯಲ್ಲಿ ಹೊಳೆ ತಿಂದ ಹೊಲಕ್ಕೂ ಗಡಿ ಹುಡುಕಿ ಕೊಟ್ಟವನು. ನಾನು ಸುಮ್ಮನೆ ಕೂಡುವವನೇ? ಬಿಜಾಪುರದ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಪ್ರೊಫೆಸರು ಒಂದು ಮಾತು ಹೇಳುತ್ತಿದ್ದರು, ಅಪಿಯರೆನ್ಸಸ್ ಆರ್ ಡಿಸೆಪ್ಟಿವ್, ಬಟ್ ಮೆಜರ್‌ಮೆಂಟ್ಸ್ ಆರ್... ಮುಂದೇನೋ ಇತ್ತು. ಅಳತೆಯ ಪರವಾಗಿಯೇ ಇತ್ತು, ಅದಂತೂ ಖಾತ್ರಿ.

ಕಳೆದ ರವಿವಾರ ಕರೆಂಟು ಇದ್ದ ಹೊತ್ತು ನೋಡಿ ನಬಿಲಾಲನನ್ನು ಕರೆಸಿದೆ. ಇಪ್ಪತ್ತೆರಡು ವರ್ಷ ನನ್ನ ಸರಪಳಿಯ ಆ ಕಡೆಯ ತುದಿ ಹಿಡಿದವನು ಅವನು. ಟಿವಿಯ ಗಾಜಿನ ಮೇಲೆ ಬಿಳಿ ಪಟ್ಟಿಯ ಎರಡೂ ಅಂಚಿಗೆ ಎರಡು ಕಪ್ಪು ದಾರ ಕಟ್ಟಿದೆವು. ಗಾಜು ದಪ್ಪ, ತಲೆ ಅಲುಗಿದರೆ ದಾರ ಸರಿದಂತೆ ಕಾಣುತ್ತದೆ. ಅದಕ್ಕೆ ಕುರ್ಚಿಯ ಕಾಲಿಗೆ ಸುಣ್ಣದ ಗುರುತು ಹಾಕಿ, ಹೊಲದಲ್ಲಿ ನೋಡುವಂತೆ ಎಡಗಣ್ಣು ಮುಚ್ಚಿ ಕೂತೆ. ಐಶ್ವರ್ಯ ಚೆಂಡು ಎಸೆಯುವುದು, ಅದು ಪಟ್ಟಿಗೆ ಬಂದ ಕ್ಷಣ ಗುಂಡಿ ಒತ್ತಿ ಆಟ ನಿಲ್ಲಿಸುವುದು. ಚೆಂಡು ಗಾಳಿಯಲ್ಲಿ ಹಾಗೇ ನಿಂತುಬಿಡುತ್ತದೆ. ನಬಿಲಾಲ ಗಾಜಿನ ಮೇಲೆ ಬೆರಳು ಇಡುವುದು, ನಾನು ಕೂತಲ್ಲಿಂದ ‘ಎಡಕ್ಕ, ಇನ್ನೊಂದೀಟು ಎಡಕ್ಕ, ಹೂಂ, ಹಿಡಿ’ ಎನ್ನುವುದು. ಆಮೇಲೆ ಆಟ ಬಿಟ್ಟು ಯಂತ್ರ ಏನನ್ನುತ್ತದೆ ಎಂದು ಕೇಳುವುದು. ಸ್ಟ್ರೈಕ್ ಎಂದರೆ ಬೆರಳಿದ್ದಲ್ಲಿ ಕೆಂಪು ಟಿಕಳಿ, ಅಲ್ಲವೆಂದರೆ ಕಪ್ಪು ಟಿಕಳಿ. ಹಣೆಗೆ ಹಚ್ಚುವ ಟಿಕಳಿಯೇ. ನಿಮ್ಮವ್ವನ ಟ್ರಂಕಿನಲ್ಲಿ ಹಾಳೆಗಟ್ಟಲೆ ಹಾಗೇ ಉಳಿದಿದ್ದವು. ರಾಜಶ್ರೀ ತೆಗೆದುಕೊಡಲು ಹಿಂದೆಮುಂದೆ ನೋಡಿದಳು. ಕೊಡವ್ವಾ, ಅವಳಿದ್ದಿದ್ದರೆ ತಾನೇ ಕೂತು ಅಂಟಿಸುತ್ತಿದ್ದಳು ಎಂದೆ. ಹೌದಲ್ಲವೇ? ಸುಳ್ಳು ಹೇಳುವವರನ್ನು ಹಿಡಿಯುವುದೆಂದರೆ ಅವಳಿಗೆ ಉಪವಾಸದ ದಿನವೂ ಹೊಟ್ಟೆ ತುಂಬುತ್ತಿತ್ತು.

ಅರವತ್ತು ಚೆಂಡು ಎಸೆಸಿದೆ. ‘ಸಾಹೇಬ್ರ, ಹೊಲ ಅಳಿಯೂ ಸರ್ಕಾರಿ ಮೋಜಣಿಗೂ ಇಷ್ಟ ತ್ರಾಸ ತಗೊಂಡಿದ್ದಿಲ್ಲರಿ ನೀವು’ ಎಂದು ನಬಿಲಾಲ ಗೊಣಗಿದ. ಈಗ ಕೇಳು ಮಾಸ್ತರ. ಎಡಗಡೆಯ ದಾರದ ಹೊರಗೆ ಒಂಬತ್ತು ಕೆಂಪು. ಬಲಗಡೆಯ ದಾರದ ಒಳಗೆ, ಅಂದರೆ ಪಟ್ಟಿಯ ಮೇಲೆಯೇ ಹಾದು ಹೋದವು, ಏಳು ಕಪ್ಪು. ನನಗೆ ನಗು ಬಂತು. ಇದು ನಾನು ಆಯುಷ್ಯವಿಡೀ ನೋಡಿದ ಸಂಗತಿಯೇ. ನಕಾಶೆಯಲ್ಲಿ ಕಲ್ಲು ಒಂದು ಕಡೆ, ಹೊಲದಲ್ಲಿ ಕಲ್ಲು ಒಂದು ಕಡೆ. ಕಣ್ಣಿಗೆ ತೋರಿಸುವ ಪಟ್ಟಿ ಬೇರೆ, ಯಂತ್ರ ಒಳಗೆ ಲೆಕ್ಕ ಹಿಡಿಯುವ ಪಟ್ಟಿ ಬೇರೆ, ಅದು ಇಡಿಯಾಗಿ ಎಡಕ್ಕೆ ಸರಿದು ಕೂತಿದೆ. ಲೆಕ್ಕ ತಪ್ಪಿಲ್ಲ, ಕಲ್ಲು ತಪ್ಪಿದೆ. ತಪ್ಪಿದ ಕಲ್ಲಿನಿಂದ ಎಷ್ಟು ಚಂದ ಅಳೆದರೂ ಬರುವುದು ಪಕ್ಕದವನ ಹೊಲವೇ.

ಕಾಂತುವನ್ನೂ ಮಾಳಿಂಗಪ್ಪನನ್ನೂ ಮನೆಗೆ ಕರೆಸಿ, ಅದೇ ಕುರ್ಚಿಯಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿ ತೋರಿಸಿದೆ. ಕಾಂತು ಹತ್ತು ಚೆಂಡು ನೋಡಿದ, ಚಹಾ ಕುಡಿದ, ಮತ್ತೆ ಐದು ನೋಡಿದ. ಕೊನೆಗೆ, ‘ಅಂದ್ರ ಇದೂ ಬದು ಒತ್ತೇತಿ ಅನ್ನು. ನಮ್ಮ ಮಾಳ್ಯಾನಂಗ’ ಎಂದ. ಮಾಳಿಂಗಪ್ಪ, ‘ನಿನ್ನಂಗಲೇ, ಎಡಕ್ಕ ಒತ್ತಿದಾಂವ ನೀ’ ಎಂದ. ಬೈದಾಡಿಕೊಂಡೇ ಇಬ್ಬರೂ ಮತ್ತೆ ನನ್ನ ಮಾತಿಗೆ ಒಪ್ಪಿ ಹೋದರು. ಹತ್ತನೆಯ ತಾರೀಖು, ಸೋಮವಾರ, ಎತ್ತುಗಳಿಗೆ ಬಿಡುವಿನ ದಿನ, ಎಲ್ಲರೂ ಖಾಲಿ ಇರುತ್ತಾರೆ. ಅಂದು ಕಲ್ಲು ನೆಡುವುದು.

ಆದ್ದರಿಂದ ನೀನು ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊ. ಈ ವಿಷಯದಲ್ಲಿ ಅಪ್ಪನ ಕಣ್ಣು ಸರಿ, ಯಂತ್ರ ತಪ್ಪು ಎಂದು ನಿನ್ನ ಕೈಯಿಂದ ನಾಲ್ಕು ಸಾಲು ಬರೆದು ಮಾಳಿಂಗಪ್ಪನ ವಿಳಾಸಕ್ಕೆ ಕಾರ್ಡು ಹಾಕು. ಮಾತು ನಾಲ್ಕು ಜನರ ಮುಂದೆ ಹೋಗಿದೆ, ನಾಲ್ಕು ಜನರ ಮುಂದೆಯೇ ತಿರುಗಿ ಬರಬೇಕು. ನಾನು ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಟಿಕಳಿ ಇನ್ನೂ ಗಾಜಿನ ಮೇಲೆಯೇ ಇವೆ. ವಾರ್ತೆ ಓದುವವರ ಮುಖದ ತುಂಬ ಕೆಂಪು ಕಪ್ಪು ಚುಕ್ಕೆ, ರಾಜಶ್ರೀ ಹಾಗೆಯೇ ನೋಡುತ್ತಾಳೆ, ದೊಡ್ಡ ಮನಸ್ಸಿನ ಹುಡುಗಿ.

ಮೈ ಕಡೆ ಲಕ್ಷ್ಯವಿರಲಿ. ನಿಮ್ಮ ಹೆಡ್‌ಮಾಸ್ತರರಿಗೆ ನನ್ನ ಶರಣು ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಶ್ರೀಶೈಲಪ್ಪ

ತಾ.ಕ. (ಮರುದಿನ ಬೆಳಿಗ್ಗೆ): ಅಂಚೆಯ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಳತೆ ಎಂದ ಮೇಲೆ ಎರಡು ಸಲ ನೋಡಬೇಕು ಎಂದು, ಕಾಂತು, ಮಾಳಿಂಗಪ್ಪ ಹೋದ ಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ. ದಾರವೇ ಇರಲಿಲ್ಲ. ಟಿವಿ ಇದ್ದಲ್ಲಿ ಬರೀ ಹಾಲಿನಂಥ ಬೆಳಕು. ನೋಟ ಯಾವಾಗ ಹೋಯಿತೋ ಗೊತ್ತಿಲ್ಲ, ಆ ಕಣ್ಣಿಗೆ ನಾನು ಎಂದೂ ಕೆಲಸ ಕೊಟ್ಟವನಲ್ಲ. ಶ್ರಾವಣದಲ್ಲಿ ಸಾಲೋಟಗಿಯ ದಾರಿಯಲ್ಲಿ ಎಡಗಡೆಯಿಂದ ಕುರಿಯ ಹಿಂಡು ನುಗ್ಗಿತ್ತು, ಲೂನಾ ಅದರೊಳಗೆ ಹೊಕ್ಕ ಮೇಲೆಯೇ ನನಗೆ ತಿಳಿದದ್ದು. ಯಾರಿಗೂ ಹೇಳಿರಲಿಲ್ಲ. ಬಿಜಾಪುರದಲ್ಲಿ ಕಣ್ಣಿನ ಡಾಕ್ಟರು ಮಂಗಳವಾರ, ಹನ್ನೊಂದನೆಯ ತಾರೀಖಿಗೆ ಬಾ ಎಂದಿದ್ದಾರೆ, ಒಂದು ದಿನ ರಜೆ ಹಾಕಿ ಬಂದು ಕರೆದುಕೊಂಡು ಹೋಗು. ಅದು ಹನ್ನೊಂದಕ್ಕೆ, ಕಲ್ಲು ನೆಡುವ ಹತ್ತಕ್ಕಲ್ಲ. ಹತ್ತನೆಯ ತಾರೀಖು ನಾನು ಬಸ್ಸಿಗೆ ಸಾಲೋಟಗಿಗೆ ಹೋಗುತ್ತೇನೆ. ಕಲ್ಲು ನೆಡಲು ಒಂದು ಕಣ್ಣು ಸಾಕು, ಮೂವತ್ತನಾಲ್ಕು ವರ್ಷ ಒಂದೇ ಕಣ್ಣಿನಿಂದ ನೆಟ್ಟಿದ್ದೇನೆ. ಲೂನಾಕ್ಕೆ ಎರಡು ಬೇಕು. ಕೀಲಿ ನಿನ್ನ ಹತ್ತಿರವೇ ಇರಲಿ. ಕಾರ್ಡು ಮಾತ್ರ ಇದು ಕೈಸೇರಿದ ದಿನವೇ ಹಾಕು.